ಹೀರೋ ಕೂತ ಕಾರು ಕೆಮ್ಮಿತು!

ತೆರೆ ಮೇಲೆ ಹೀರೋ ಓಡಿ ಬರ್ತಾನೆ, ಕಾರಿನ ಬಾಗಿಲು ತೆಗೀತಾನೆ, ಕೀ ತಿರುಗಿಸ್ತಾನೆ... ಧೂಳೆಬ್ಬಿಸಿಕೊಂಡು ಗಾಡಿ ಹೋಗೇ ಹೋಯ್ತು! ಗಾಂಧಿ ಕ್ಲಾಸಿನಲ್ಲಿ ಕೂತ ನಾವು ಶಿಳ್ಳೆ ಹೊಡೀತೀವಿ. ಆ ಕಾರು ಒಂದೇ ಏಟಿಗೆ ಹೇಗೆ ಸ್ಟಾರ್ಟ್ ಆಯ್ತು ಅಂತ ಯಾರಾದರೂ ಯೋಚಿಸಿದ್ದೀವಾ? ನಾನೂ ಯೋಚಿಸಿರಲಿಲ್ಲ ಸ್ವಾಮಿ, 2018ರ ಬೇಸಿಗೆಯಲ್ಲಿ ನಮ್ಮದೇ ಕಾರು ಶೂಟಿಂಗ್‌ನಲ್ಲಿ ಮಾನ ಕಳೆಯುವ ತನಕ!

ನಮ್ಮದು 1974ರ ಅಂಬಾಸಿಡರ್, ಮಾರ್ಕ್ ಟೂ. 1489 ಸಿಸಿ ಪೆಟ್ರೋಲ್ ಇಂಜಿನ್, ನಾಲ್ಕು ಸಿಲಿಂಡರ್. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ನಮ್ಮಪ್ಪನ ಕೈಯಲ್ಲಿ ಟ್ಯಾಕ್ಸಿಯಾಗಿ ಬೆಳೆದ ಗಾಡಿ. 2014ರಲ್ಲಿ ಅಂಬಾಸಿಡರ್ ತಯಾರಿಕೆಯೇ ನಿಂತಿತು. ಆಮೇಲೆ ನಮ್ಮ ಗಾಡಿಗೆ ಹೊಸ ಕಸುಬು ಸಿಕ್ಕಿತು. ಹಳೇ ಕಾಲದ ಕಥೆಯ ಸಿನಿಮಾಗಳಿಗೆ ದಿನಬಾಡಿಗೆ! ಅಷ್ಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಸ್ಟಿಯರಿಂಗ್ ನನ್ನ ಕೈಗೆ ಬಂದಿತ್ತು. ಮನೆ ನಡೆಯುತ್ತಿದ್ದದ್ದೇ ಆ ಬಾಡಿಗೆಯಿಂದ.

ಆ ಸಲ ಒಂದು ವಾರದ ಬುಕಿಂಗ್. ಹೀರೋನೇ ನಮ್ಮ ಕಾರು ಓಡಿಸ್ತಾರೆ ಅಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಸೀದಾ ಜೆ.ಸಿ. ರಸ್ತೆಗೆ ಹೋಗಿ, "ರೇಸ್ ಗಾಡಿಗೆ ಹಾಕೋ ಥರದ ಪ್ಲಗ್ ಕೊಡಿ" ಅಂದೆ. ಎನ್‌ಜಿಕೆ, ಎಂಟನೇ ನಂಬರು. ಅದುವರೆಗೆ ಗಾಡಿಯಲ್ಲಿದ್ದದ್ದು ಅದೇ ಕಂಪನಿಯ ಆರನೇ ನಂಬರು. ನಂಬರು ದೊಡ್ಡದಾದರೆ ತಾಕತ್ತೂ ದೊಡ್ಡದು, ಇದು ನನ್ನ ಲೆಕ್ಕ! ಹಳೇ ಪ್ಲಗ್ ನಾಲ್ಕನ್ನೂ ಬಿಚ್ಚಿ ಡಬ್ಬಿಗೆ ಹಾಕಿ, ಹೊಸದನ್ನು ಬಿಗಿದೆ. ಅಪ್ಪನಿಗೆ ಹೇಳಲೇ ಇಲ್ಲ.

ಮೊದಲ ದಿನ ಮಾಗಡಿ ರಸ್ತೆಯಾಚೆ ಒಂದು ಹಳ್ಳಿಯಲ್ಲಿ ಶೂಟಿಂಗ್. ಶೂಟಿಂಗ್ ಅಂದರೆ ಗೊತ್ತಲ್ಲ, ಗಾಡಿ ಹತ್ತು ಗಜ ಮುಂದೆ, ಹತ್ತು ಗಜ ಹಿಂದೆ. ಲೈಟು ಸರಿಹೋಗುವ ತನಕ ಇಂಜಿನ್ ಆನ್ ಮಾಡಿಟ್ಟು ಕಾಯೋದು. ಮಧ್ಯಾಹ್ನದ ಹೊತ್ತಿಗೆ ಮಿಸ್ಸಿಂಗ್ ಶುರುವಾಯ್ತು. ಹೀರೋ ಡೈಲಾಗ್ ಮುಗಿಸಿ ಆಕ್ಸಿಲರೇಟರ್ ಒತ್ತಿದರು... ಕಾರು ಕೆಮ್ಮಿತು, ಕಪ್ಪು ಹೊಗೆ ಬಿಟ್ಟಿತು, ನಿಂತೇ ಹೋಯ್ತು! ಎರಡು ಟೇಕ್, ಮೂರು ಟೇಕ್, ಏಳು ಟೇಕ್! ಕೊನೆಗೆ ಲೈಟ್‌ಬಾಯ್‌ಗಳು ತಳ್ಳಿ ಪಕ್ಕಕ್ಕೆ ನಿಲ್ಲಿಸಿದರು. ಮ್ಯಾನೇಜರ್ ಬಂದು, "ನಾಳೆ ಬೆಳಿಗ್ಗೆ ಏಳಕ್ಕೆ ಗಾಡಿ ಸರಿ ಇರಬೇಕು. ಇಲ್ಲಾಂದ್ರೆ ಬೇರೆ ಗಾಡಿ ಬರುತ್ತೆ" ಅಂದರು.

ಕುಂಟಿಸಿಕೊಂಡು ಒಂದು ಗ್ಯಾರೇಜಿಗೆ ತಂದೆ. ಅಲ್ಲಿಯವರು ಹೊಗೆ ನೋಡಿದವರೇ, "ರಿಂಗ್ ಹೋಗಿದೆ, ಬೋರ್ ಮಾಡಿಸಬೇಕು. ಅಷ್ಟು ದುಡ್ಡು ಸುರಿಯೋ ಬದಲು ಗುಜರಿಗೆ ಹಾಕು" ಅಂದುಬಿಟ್ಟರು. ಕೊಳ್ಳುವವನ ನಂಬರನ್ನೂ ಚೀಟಿಯಲ್ಲಿ ಬರೆದುಕೊಟ್ಟರು!

ಮನೆಗೆ ಬಂದು ಎಲ್ಲಾ ಒಪ್ಪಿಸಿದೆ. ಅಪ್ಪ ಬೈಯಲಿಲ್ಲ. "ಪ್ಲಗ್ ನಾಲ್ಕೂ ಬಿಚ್ಚಿ ತಾರೋ. ಸಿಲಿಂಡರ್ ಲೆಕ್ಕದಲ್ಲಿ ಸಾಲಾಗಿಡು" ಅಂದರು. ಕಣ್ಣು ಮಂಜಾದ ಮನುಷ್ಯ ಒಂದೊಂದನ್ನೇ ಹೆಬ್ಬೆರಳಿನಿಂದ ಉಜ್ಜಿದರು, ಮೂಗಿಗೆ ಹಿಡಿದರು.

"ರಿಂಗ್ ಹೋಗಿದ್ರೆ ಎಣ್ಣೆ ಜಿಡ್ಡು ಕೈಗೆ ಹತ್ತಬೇಕು ಕಣೋ. ಇದು ಒಣ ಮಸಿ. ನಾಲ್ಕಕ್ಕೂ ಒಂದೇ ಥರ. ಇಂಜಿನ್‌ಗೆ ಏನೂ ಆಗಿಲ್ಲ. ನೀನು ಹಾಕಿರೋ ಪ್ಲಗ್ ಈ ಗಾಡಿಗೆ ತಣ್ಣಗಾಯ್ತು!"

ಪ್ಲಗ್ಗಿನಲ್ಲೂ ತಣ್ಣಗಿನದು, ಬಿಸಿಯದು ಅಂತ ಇದೆಯಾ? ಇದೆ ಸ್ವಾಮಿ! ಪ್ಲಗ್ಗಿನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾದರೆ ಮೇಲೆ ಕೂತ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತೆ. 850 ದಾಟಿ ಕೆಂಡದಂತಾದರೆ ಅಪಾಯ. ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನೇ ತೂತು ಬೀಳಬಹುದು. ರೇಸ್ ಗಾಡಿಯ ಇಂಜಿನ್ ಸದಾ ಉರಿಯುತ್ತಿರುತ್ತೆ, ಅದಕ್ಕೆ ಶಾಖವನ್ನು ಬೇಗ ಇಳಿಸುವ ತಣ್ಣನೆ ಪ್ಲಗ್ ಬೇಕು. ಹತ್ತು ಗಜ ತೆವಳುವ ಅಂಬಾಸಿಡರಿಗೆ ಅದನ್ನೇ ಹಾಕಿದರೆ? ಕಾಯೋದೇ ಇಲ್ಲ. ಮಸಿ ಕೂರುತ್ತೆ, ಕರೆಂಟು ಕಿಡಿಯಾಗಿ ಹಾರದೆ ಮಸಿಯ ಮೇಲೇ ಹರಿದುಹೋಗುತ್ತೆ.

ನಂಬರಿನ ತಮಾಷೆ ಇನ್ನೂ ಇದೆ. ಎನ್‌ಜಿಕೆಯಲ್ಲಿ ನಂಬರು ಏರಿದಷ್ಟೂ ಪ್ಲಗ್ ತಣ್ಣಗೆ. ಚಾಂಪಿಯನ್ ಮತ್ತು ಈಗಿನ ಬಾಷ್‌ನಲ್ಲಿ ಉಲ್ಟಾ, ಏರಿದಷ್ಟೂ ಬಿಸಿ! ಅಪ್ಪ ಟ್ಯಾಕ್ಸಿ ಓಡಿಸುವಾಗ ಹಾಕುತ್ತಿದ್ದದ್ದು ನಮ್ಮ ಆಡುಗೋಡಿಯ ಮೈಕೋ ಪ್ಲಗ್. ಆ ಮೈಕೋ ಕಂಪನಿಯೇ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಕಂಪನಿ ಬದಲಾಯಿಸುವಾಗ ಬರೀ ನಂಬರು ನಂಬಬೇಡಿ, ಇದಕ್ಕೆ ಅದರಲ್ಲಿ ಯಾವುದು ಸಮ ಅಂತ ಪಟ್ಟಿ ನೋಡಿ. ಅಂಬಾಸಿಡರಿನ ಈ ಇಂಜಿನ್‌ಗೆ ಥ್ರೆಡ್ಡಿನ ದಪ್ಪ 14 ಮಿ.ಮೀ., ಉದ್ದ 19 ಮಿ.ಮೀ. ಅದಕ್ಕಿಂತ ಉದ್ದದ್ದು ಪಿಸ್ಟನ್‌ಗೆ ತಗಲಬಹುದು. ಗಿಡ್ಡದಾದರೆ ಕಿಡಿ ಗೂಡಿನೊಳಗೇ ಉಳಿದು, ಖಾಲಿ ಥ್ರೆಡ್ಡಿಗೆ ಮಸಿ ಕಚ್ಚುತ್ತೆ. ಹಾಕಿ ಓಡಿಸಿದ ಮೇಲೆ ಒಮ್ಮೆ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕೆ ಬಂದಿದ್ದರೆ ಗಾಡಿ ಒಪ್ಪಿಕೊಂಡಿದೆ. ಸುಣ್ಣದ ಹಾಗೆ ಬಿಳಿಚಿದ್ದರೆ ವಿಪರೀತ ಕಾಯುತ್ತಿದೆ ಅಂತ ಅರ್ಥ.

ಡಬ್ಬಿಯಿಂದ ಹಳೇ ಆರನೇ ನಂಬರು ಹೊರಗೆ ಬಂತು. ಅಪ್ಪ ಫೀಲರ್ ಗೇಜಿನ 25ರ ಎಲೆಯನ್ನು, ಅಂದರೆ ಇಂಚಿನ ಸಾವಿರದಲ್ಲಿ 25 ಪಾಲು, ಬೆರಳ ತುದಿಯಲ್ಲೇ ಆಡಿಸಿ ನಾಲ್ಕಕ್ಕೂ ಗ್ಯಾಪ್ ಕೂರಿಸಿದರು. ಕಣ್ಣಿಲ್ಲದಿದ್ದರೂ ಕೈ ಮರೆತಿರಲಿಲ್ಲ!

ಬೆಳಿಗ್ಗೆ ಏಳಕ್ಕೆ ಅಪ್ಪನನ್ನೂ ಕೂರಿಸಿಕೊಂಡು ಹೋದೆ. ಹೀರೋ ಕೀ ತಿರುಗಿಸಿದರು. ಒಂದೇ ಟೇಕ್! "ಓಕೆ!" ಅಂದರು ನಿರ್ದೇಶಕರು. ಯೂನಿಟ್ಟೆಲ್ಲ ಹೀರೋಗೆ ಚಪ್ಪಾಳೆ ತಟ್ಟಿತು. ಮರದ ಕೆಳಗೆ ಕೂತಿದ್ದ ಅಪ್ಪ ತಲೆ ಓರೆ ಮಾಡಿ ಇಂಜಿನ್ ಸದ್ದು ಕೇಳುತ್ತಿದ್ದರು. "ನಾಲ್ಕೂ ಹೊಡೀತಿದೆ" ಅಂದರು. ನಾನು ಗುಜರಿಯವನ ಚೀಟಿ ಹರಿದು ಬಿಸಾಕಿದೆ.

ಗೆಳೆಯರೇ, ಮುಂದಿನ ಸಲ ತೆರೆ ಮೇಲೆ ಹಳೇ ಕಾರು ಒಂದೇ ಏಟಿಗೆ ಹೊರಟಾಗ ಹೀರೋಗೆ ಹೊಡೆಯುವ ಶಿಳ್ಳೆ ಹೊಡೆಯಿರಿ. ಜೊತೆಗೆ ಇನ್ನೊಂದು ಶಿಳ್ಳೆ, ಬಾನೆಟ್ ಕೆಳಗಿರುವ ಆ ನಾಲ್ಕು ಪ್ಲಗ್ಗಿಗೂ ಇರಲಿ!