ಕಂಡದ್ದು ಮತ್ತು ಕಾಣಿಸಿದ್ದು

ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತವು ಎರಡನೆಯದು. ಅದಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೆಸರಿಸುತ್ತದೆ. ಅವುಗಳಲ್ಲಿ ಒಂದು ಕೂಟಲೇಖಕ್ರಿಯೆ. ಇಲ್ಲದ್ದನ್ನು ಇದೆಯೆಂದು ಸಾರುವ ದಾಖಲೆಯನ್ನು ಸೃಷ್ಟಿಸುವುದು ಎಂಬುದು ಅದರ ಸ್ಥೂಲಾರ್ಥ. ಸುಳ್ಳು ಸಾಲಪತ್ರ, ಕಳ್ಳ ಮೊಹರು, ತಿದ್ದಿದ ಲೆಕ್ಕದ ಪುಸ್ತಕ ಇವು ವ್ಯಾಪಾರದ ಮನೆತನಗಳಲ್ಲಿ ಹಿರಿಯರು ಕೊಡುತ್ತಿದ್ದ ಉದಾಹರಣೆಗಳು. ಆಳಂದದ ಒಬ್ಬ ವಿದ್ಯಾರ್ಥಿಗೆ ಈ ಪದವು ಬಾಲ್ಯದ ಪಾಠಶಾಲೆಯಿಂದಲೇ ಬಾಯಿಪಾಠವಾಗಿತ್ತು. ಅದು ತನ್ನ ಕೊರಳಲ್ಲಿ ತೂಗುವ ಕ್ಯಾಮೆರಾಕ್ಕೂ ಅನ್ವಯಿಸುತ್ತದೆಂದು ತಿಳಿಯಲು ಮಾತ್ರ ಅವನಿಗೆ ಇಪ್ಪತ್ತೊಂದು ವರ್ಷ ತುಂಬಬೇಕಾಯಿತು.

ಅವನ ತಂದೆಯದು ಆಳಂದದ ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ. ಕಲಬುರಗಿಯ ಕಾಲೇಜಿಗೆ ಸೇರಿದ ಮೇಲೆ, 2017ರಲ್ಲಿ, ಎರಡು ವರ್ಷ ಕೂಡಿಟ್ಟ ಹಣದಿಂದ ಅವನು ಯಾರೋ ಬಳಸಿ ಬಿಟ್ಟ ಡಿಜಿಟಲ್ ಕ್ಯಾಮೆರಾವೊಂದನ್ನು ಕೊಂಡನು. ಅದರೊಡನೆ ಒಂದೇ ಒಂದು ಲೆನ್ಸು ಇತ್ತು. ಮೊದಲ ತಿಂಗಳು ತೆಗೆದ ಚಿತ್ರಗಳೆಲ್ಲ ಅವನನ್ನು ನಿರಾಶೆಗೊಳಿಸಿದವು. ತೊಗರಿ ಕೊಯ್ದ ಎರೆಭೂಮಿ ಕಣ್ಣಿಗೆ ಕಾಡಿಗೆಯಂತೆ ಕಪ್ಪಾಗಿದ್ದರೂ ಚಿತ್ರದಲ್ಲಿ ಬೂದಿಯಂತೆ ಮೂಡುತ್ತಿತ್ತು. ಬಸದಿಗೆ ಬಂದ ಬ್ರಹ್ಮಚಾರಿಣಿಯರ ಬಿಳಿ ಸೀರೆಯೂ ಅದೇ ಬೂದಿಯ ಬಣ್ಣಕ್ಕೆ ಇಳಿಯುತ್ತಿತ್ತು. ಕಪ್ಪನ್ನು ಕಪ್ಪೆಂದೂ ಬಿಳಿಯನ್ನು ಬಿಳಿಯೆಂದೂ ಹೇಳದ ಯಂತ್ರದಿಂದ ಏನು ಪ್ರಯೋಜನವೆಂದು ಅವನು ಅಫಜಲಪುರದ ಸೋದರಮಾವನ ಬಳಿಗೆ ಹೋದನು.

ಮಾವನು ಫಿಲ್ಮಿನ ಕಾಲದಲ್ಲಿ ಫೋಟೋ ಸ್ಟುಡಿಯೋ ನಡೆಸಿ, ವಯಸ್ಸಾದ ಮೇಲೆ ಮುಚ್ಚಿದವನು. ಅವನು ಚಿತ್ರಗಳನ್ನು ನೋಡಿ ನಕ್ಕು ಹೇಳಿದನು: “ಅಳಿಯಾ, ತಪ್ಪು ಯಂತ್ರದ್ದಲ್ಲ, ಅದರ ಎಣಿಕೆಯದು. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿರುವುದೆಲ್ಲ ನಡುವಣ ಬೂದಿಯೆಂದೇ ಭಾವಿಸುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲು ಹಿಂದಿರುಗುತ್ತದೆಂಬುದು ಅದರ ಲೆಕ್ಕ. ಕರಿಮಣ್ಣಿನ ಮುಂದೆ ಬೆಳಕನ್ನು ಒಂದು ಮೆಟ್ಟಿಲು ಇಳಿಸು, ಬಿಳಿಬಟ್ಟೆಯ ಮುಂದೆ ಒಂದು ಮೆಟ್ಟಿಲು ಏರಿಸು.”

ಆ ಬೇಸಿಗೆಯೆಲ್ಲ ಪಾಠ ನಡೆಯಿತು. ಅಪರ್ಚರ್ ಎಂಬುದು ಲೆನ್ಸಿನ ಕಂಡಿಯ ಅಗಲ; ಅದರ ಅಂಕೆ 4ರಿಂದ 5.6ಕ್ಕೆ, 5.6ರಿಂದ 8ಕ್ಕೆ ಏರಿದಂತೆ ಒಳಬರುವ ಬೆಳಕು ಪ್ರತಿ ಸಲವೂ ಅರ್ಧಕ್ಕೆ ಇಳಿಯುತ್ತದೆ, ಸ್ಪಷ್ಟವಾಗಿ ಕಾಣುವ ಆಳವು ಹೆಚ್ಚುತ್ತದೆ. ಶಟರ್ ಎಂಬುದು ಆ ಕಂಡಿ ತೆರೆದಿರುವ ಹೊತ್ತು. ಐಎಸ್‌ಒ ಏರಿಸಿದರೆ ಮಂದ ಬೆಳಕಿನಲ್ಲಿಯೂ ಚಿತ್ರ ದೊರಕುತ್ತದೆ, ಆದರೆ ಮರಳು ಚೆಲ್ಲಿದಂಥ ಕಣಗಳು ಅದರ ಮೇಲೆ ಹರಡುತ್ತವೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಸೊನ್ನ ಬ್ಯಾರೇಜಿನ ಕೆಳಗೆ, ಭೀಮಾ ನದಿಯ ದಡದಲ್ಲಿ, ಮಾವನು ಒಂದೇ ಜಾಗದಿಂದ ಎರಡು ಚಿತ್ರ ತೆಗೆಸಿದನು. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ತೆಗೆದುದರಲ್ಲಿ ಸಿಡಿದ ಹನಿಗಳು ಗಾಜಿನ ಮಣಿಗಳಂತೆ ಗಾಳಿಯಲ್ಲಿ ನಿಂತಿದ್ದವು. ಕಾಲು ಸೆಕೆಂಡಿನಲ್ಲಿ ತೆಗೆದುದರಲ್ಲಿ ನೀರು ಹಾಲಿನ ಧಾರೆಯಂತೆ ಹರಿದಿತ್ತು. “ಇವುಗಳಲ್ಲಿ ಯಾವುದು ಸುಳ್ಳು?” ಎಂದು ಮಾವನು ಕೇಳಿದನು. ಪಾಠಶಾಲೆಯಲ್ಲಿ ನಯವಾದವನ್ನು ಕಲಿತಿದ್ದ ಹುಡುಗನಿಗೆ ಉತ್ತರ ಕಷ್ಟವಾಗಲಿಲ್ಲ. ಎರಡೂ ಸುಳ್ಳಲ್ಲ, ಒಂದೊಂದೂ ಒಂದೊಂದು ನಯದಿಂದ ಕಂಡ ನದಿ. ಇದೇ ಪೂರ್ಣ ನದಿಯೆಂದು ಹಟ ಹಿಡಿದಾಗ ಮಾತ್ರ ಸುಳ್ಳು ಹುಟ್ಟುತ್ತದೆ.

ಅದೇ ದಡದಲ್ಲಿ ಟಿಟ್ಟಿಭ ಹಕ್ಕಿಯೊಂದು ಬರಿಯ ನೆಲದ ಕಲ್ಲುಗಳ ನಡುವೆ ಮೊಟ್ಟೆಯಿಟ್ಟಿತ್ತು. ಹುಡುಗನು ಹತ್ತಿರ ಸರಿದಂತೆ ಹಕ್ಕಿ ಚೀರುತ್ತ ಮೇಲೆದ್ದಿತು. ಮಾವನು ಅವನ ತೋಳು ಹಿಡಿದು ಹಿಂದಕ್ಕೆ ಕರೆದನು. ಆ ಬಿಸಿಲಿನಲ್ಲಿ ತಾಯಿ ನೆರಳು ಕೊಡದೆ ದೂರ ಉಳಿದರೆ ಮೊಟ್ಟೆ ಬೆಂದುಹೋಗುವುದು ಖಂಡಿತ. ಹಿಂದೆ ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುತ್ತಿದ್ದ ಜೆಲಟಿನ್ನು ದನದ ಮೂಳೆ-ಚರ್ಮಗಳಿಂದ ಬರುತ್ತಿತ್ತೆಂದೂ, ಜೀವನೋಪಾಯಕ್ಕಾಗಿ ಅದನ್ನು ಬಳಸಿದ ಅಳುಕು ತನ್ನನ್ನು ಕೊನೆಯವರೆಗೂ ಬಿಡಲಿಲ್ಲವೆಂದೂ ಮಾವನು ಆ ದಿನ ಹೇಳಿದನು. “ನಿನಗೆ ಆ ಹೊರೆಯಿಲ್ಲ. ಹೊಸದೊಂದನ್ನು ಹೊತ್ತುಕೊಳ್ಳಬೇಡ.”

ಚಿತ್ರವನ್ನು ತಿದ್ದುವ ವಿದ್ಯೆ ಹೊಸತೇನೂ ಅಲ್ಲ. ಮಾವನು ತನ್ನ ಕಾಲದಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಮುಖದ ಸುಕ್ಕು ಮುಚ್ಚಿದವನೇ. 1990ರಲ್ಲಿ ಫೋಟೋಶಾಪ್ ಮಾರುಕಟ್ಟೆಗೆ ಬಂದ ಮೇಲೆ ಆ ಕೆಲಸ ಸುಲಭವಾಯಿತು. ವಿದ್ಯಾರ್ಥಿಯು ಕಾಲೇಜಿನ ಗೆಳೆಯನ ಕಂಪ್ಯೂಟರಿನಲ್ಲಿ ಕುಳಿತು ಬೆಳಕಿನ ಮಟ್ಟ ಸರಿಪಡಿಸುವುದನ್ನೂ, ಬಲ್ಬಿನ ಹಳದಿ ಛಾಯೆ ತೆಗೆಯುವುದನ್ನೂ, ಒಂದು ಕಡೆಯ ತುಣುಕನ್ನು ನಕಲಿಸಿ ಇನ್ನೊಂದು ಕಡೆ ಮೆತ್ತುವ ಕ್ಲೋನ್ ಉಪಕರಣವನ್ನೂ ಕಲಿತನು. ಕ್ಯಾಮೆರಾ ಕಂಡದ್ದನ್ನು ಕಂಡಂತೆ ಕಾದಿಡುವ ರಾ ಕಡತವನ್ನು ಅಳಿಸದೆ ಪ್ರತ್ಯೇಕವಾಗಿಡುವ ಅಭ್ಯಾಸವನ್ನೂ ಮಾಡಿಕೊಂಡನು. 1982ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯು ಮುಖಪುಟಕ್ಕೆ ಒಗ್ಗಿಸಲು ಈಜಿಪ್ತಿನ ಪಿರಮಿಡ್ಡುಗಳನ್ನು ಚಿತ್ರದಲ್ಲಿ ಹತ್ತಿರಕ್ಕೆ ಸರಿಸಿ ಟೀಕೆಗೆ ಗುರಿಯಾದುದನ್ನು ಅವನು ಓದಿದ್ದನು. ಆದರೆ ಅದು ದೂರದ ದೊಡ್ಡ ಪತ್ರಿಕೆಗಳ ಸಂಗತಿಯೆಂದು ಅವನಿಗೆ ತೋರಿತ್ತು. ಮಾವನು ಹೇಳಿಕೊಟ್ಟ ನಿಯಮ ಸರಳವಾಗಿತ್ತು: ಕಣ್ಣು ಕಂಡದ್ದನ್ನು ಯಂತ್ರ ತಪ್ಪಾಗಿ ಹೇಳಿದರೆ ತಿದ್ದಬೇಕು; ಕಣ್ಣು ಕಾಣದ್ದನ್ನು ಯಂತ್ರದ ಬಾಯಿಂದ ಹೇಳಿಸಬಾರದು. ಹುಡುಗನು ತಲೆಯಾಡಿಸಿದ್ದನು.

2019ರಲ್ಲಿ ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯ ಬಸದಿಯ ಟ್ರಸ್ಟಿನಿಂದ ಅವನಿಗೆ ಕರೆ ಬಂದಿತು. ಅಮೋಘವರ್ಷ ನೃಪತುಂಗನೂ ಅವನ ಗುರುಗಳಾದ ಜಿನಸೇನಾಚಾರ್ಯರೂ ಬಾಳಿದ ಮಾನ್ಯಖೇಟ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಇದೇ ಜಿಲ್ಲೆಯದು. ಒಂದು ಕಾಲಕ್ಕೆ ಜಿನಧರ್ಮವು ತುಂಬಿ ನಿಂತಿದ್ದ ಈ ನಾಡಿನ ಹಳ್ಳಿಗಳಲ್ಲಿ ಹಳೆಯ ಜಿನಬಿಂಬಗಳು ಇಂದಿಗೂ ಕಾಣಸಿಗುತ್ತವೆ. ಈ ಬಸದಿಯ ಮೂಲನಾಯಕನದೂ ಪದ್ಮಾಸನದಲ್ಲಿ ಕುಳಿತ ಕರಿಶಿಲೆಯ ಪ್ರಾಚೀನ ಬಿಂಬ. ಜೀರ್ಣೋದ್ಧಾರಕ್ಕೆ ದಾನ ಬೇಡಲು ಒಂದು ಪುಸ್ತಿಕೆ ಬೇಕಾಗಿತ್ತು. ಅದಕ್ಕೆ ಚಿತ್ರಗಳು ಬೇಕಾಗಿದ್ದವು.

ಪೀಠದ ನಡುವೆ ಲಾಂಛನವು ಸವೆದು ಹೋಗಿತ್ತು. ಹಿರಿಯರು ಶಾಂತಿನಾಥಸ್ವಾಮಿ ಎನ್ನುತ್ತಿದ್ದರು. ಆಧಾರ ಕೇಳಿದರೆ ಯಾರಲ್ಲಿಯೂ ಇರಲಿಲ್ಲ. ಗರ್ಭಗೃಹದಲ್ಲಿ ಬಾಗಿಲ ಮೇಲಿನ ಬಲ್ಬಿನ ಬೆಳಕೊಂದೇ. ಹುಡುಗನು ಹೊಸ್ತಿಲ ಹೊರಗೆ ನಿಂತು, ಐಎಸ್‌ಒವನ್ನು 3200ಕ್ಕೆ ಏರಿಸಿ, ಕೈಯಲ್ಲಿಯೇ ಕ್ಯಾಮೆರಾ ಹಿಡಿದು ಚಿತ್ರ ತೆಗೆದನು. “ಲಾಂಛನ ಕೊಂಚ ಸ್ಪಷ್ಟವಾಗಿ ಕಾಣಲಿ ತಮ್ಮಾ” ಎಂದು ಟ್ರಸ್ಟಿನ ಹಿರಿಯರೊಬ್ಬರು ಹೇಳಿದರು. ಅದರಲ್ಲಿ ದುರುದ್ದೇಶವಿರಲಿಲ್ಲ.

ಆ ರಾತ್ರಿ ಕಂಪ್ಯೂಟರಿನ ಮುಂದೆ ಅವನು ಚಿತ್ರವನ್ನು ಹಿಗ್ಗಿಸಿದನು, ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿದನು, ಅಂಚುಗಳನ್ನು ಚೂಪುಗೊಳಿಸಿದನು. ಮರಳಿನಂಥ ಕಣಗಳ ನಡುವೆ ಎರಡು ಗೆರೆಗಳು ಕೋಡುಗಳಂತೆ ತೋರಿದವು. ಕ್ಲೋನ್ ಉಪಕರಣದಿಂದ ಅವನು ಆ ಗೆರೆಗಳನ್ನು ಕೂಡಿಸಿದನು, ಸ್ವಲ್ಪ ಉದ್ದ ಮಾಡಿದನು, ಕೊರಳಿಗೆ ಒಂದು ಬಾಗು ಕೊಟ್ಟನು. ಅರ್ಧ ಗಂಟೆಯಲ್ಲಿ ಪೀಠದ ಮೇಲೆ ಒಂದು ಜಿಂಕೆ ಮಲಗಿತ್ತು. ತಾನು ಅದನ್ನು ಕಂಡುಹಿಡಿದೆನೆಂದೇ ಅವನಿಗೆ ಅನಿಸಿತು, ಬರೆದೆನೆಂದು ಅನಿಸಲಿಲ್ಲ.

ಪುಸ್ತಿಕೆಯ 500 ಪ್ರತಿಗಳು ಅಚ್ಚಾದವು. ಶ್ರೀ ಶಾಂತಿನಾಥಸ್ವಾಮಿ ಎಂಬ ಹೆಸರು ಬಿಂಬದ ಚಿತ್ರದ ಕೆಳಗೆ ನಿಂತಿತು. ಒಂದು ತಿಂಗಳಲ್ಲಿ ಟ್ರಸ್ಟು ಇನ್ನೊಂದು ನಿರ್ಧಾರ ಮಾಡಿತು: ಚಿತ್ರದಲ್ಲಿ ಇಷ್ಟು ಚೆನ್ನಾಗಿ ಕಾಣುವ ಜಿಂಕೆಯನ್ನು ಶಿಲ್ಪಿಯಿಂದ ಪೀಠದ ಮೇಲೆಯೂ ಸ್ಪಷ್ಟವಾಗಿ ಕೊರೆಯಿಸುವುದು. ದಿನವೂ ಗೊತ್ತಾಯಿತು.

ಆ ವಾರ ಹುಡುಗನು ಉಳಿದ ಚಿತ್ರಗಳಿಗಾಗಿ ಹಳ್ಳಿಗೆ ಹೋದಾಗ ಮುದುಕರಾದ ಉಪಾಧ್ಯೆಯವರು ಜಗುಲಿಯ ಮೇಲೆ ಕುಳಿತಿದ್ದರು. ಅವರ ಕಣ್ಣು ಮಂದವಾಗಿತ್ತು. ಮೊಮ್ಮಗಳು ಪುಸ್ತಿಕೆಯನ್ನು ಓದಿ ಹೇಳುತ್ತ, “ಅಜ್ಜಾ, ಜಿಂಕೆಗೆ ಎರಡು ಉದ್ದನೆಯ ಕೋಡು ಇವೆ” ಎಂದಳು. ಉಪಾಧ್ಯೆಯವರು ಬಲಗೈಯ ಬೆರಳುಗಳನ್ನು ಗಾಳಿಯಲ್ಲಿ ಮೆಲ್ಲನೆ ಆಡಿಸಿದರು. “ಐವತ್ತು ವರ್ಷ ಅಭಿಷೇಕವಾದ ಮೇಲೆ ಆ ಪೀಠವನ್ನು ಈ ಕೈಯಿಂದ ಒರೆಸಿದ್ದೇನೆ. ಅಲ್ಲಿ ಕೋಡು ಇಲ್ಲ, ಮಗಳೇ” ಎಂದರು. ಅಲ್ಲಿ ಹುಡುಗನು ನಿಂತಿರುವುದು ಅವರಿಗೆ ತಿಳಿದಿರಲಿಲ್ಲ.

ಅವನು ಊರಿಗೆ ಮರಳಿ ರಾ ಕಡತವನ್ನು ತೆರೆದನು. ಅದರಲ್ಲಿ ಕಣಗಳಿದ್ದವು, ನೆರಳಿತ್ತು, ಜಿಂಕೆ ಇರಲಿಲ್ಲ. ಬಿಳಿ ಸೀರೆಯ ಬಿಳುಪನ್ನು ಹಿಂದಿರುಗಿಸಿದ ತಿದ್ದು ಕಂಡದ್ದರ ಕಡೆಗೆ ಇಟ್ಟ ಹೆಜ್ಜೆಯಾಗಿತ್ತು. ಈ ತಿದ್ದು ಬಯಸಿದ್ದರ ಕಡೆಗೆ ಇಟ್ಟದ್ದು. ಬಾಲ್ಯದಲ್ಲಿ ಕಲಿತ ಕೂಟಲೇಖಕ್ರಿಯೆ ಎಂಬ ಮಾತು ಆಗ ಅವನ ಮುಂದೆ ಬಂದು ನಿಂತಿತು. ಸುಮ್ಮನಿದ್ದರೆ ಕಾಗದದ ಮೇಲಿನ ಸುಳ್ಳು ಇನ್ನು ಹತ್ತು ದಿನಗಳಲ್ಲಿ ಕಲ್ಲಿನ ಮೇಲೆ ಏರುತ್ತಿತ್ತು. ಮುಂದಿನ ತಲೆಮಾರಿನ ಯಾರೂ ಅದನ್ನು ಸಂದೇಹಿಸುವಂತಿರಲಿಲ್ಲ.

ಮರುದಿನವೇ ಅವನು ಉಪಾಧ್ಯೆಯವರ ಬಳಿಗೆ ಹೋಗಿ ನಡೆದುದನ್ನು ಹೇಳಿದನು. ಅವರು ಬೈಯಲಿಲ್ಲ, “ಸರಿಯಾಗಿ ತೆಗೆಯಲು ಬರುತ್ತದೆಯೇ?” ಎಂದಷ್ಟೇ ಕೇಳಿದರು. ಸಂಜೆ ಬಲ್ಬನ್ನು ಆರಿಸಿ, ಹೊಸ್ತಿಲ ಹೊರಗೆ ಟ್ರೈಪಾಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಐಎಸ್‌ಒವನ್ನು 100ಕ್ಕೆ ಇಳಿಸಿ, ಅಪರ್ಚರನ್ನು 8ಕ್ಕೆ ಇಟ್ಟು, ಕೆಲವು ಸೆಕೆಂಡುಗಳ ಕಾಲ ಶಟರ್ ತೆರೆದಿರುವಂತೆ ಅವನು ಸಜ್ಜು ಮಾಡಿದನು. ಮಡಿಯಲ್ಲಿದ್ದ ಉಪಾಧ್ಯೆಯವರು ಒಳಗೆ ನಿಂತು, ಅವನು ಹೇಳಿದಂತೆ ಟಾರ್ಚನ್ನು ಪೀಠದ ಒಂದು ಪಕ್ಕದಿಂದ, ಶಿಲೆಯನ್ನು ಸವರಿಕೊಂಡು ಹೋಗುವಂತೆ ಹಿಡಿದರು. ಎದುರಿನ ಬೆಳಕು ಉಬ್ಬು-ತಗ್ಗುಗಳನ್ನು ಮರೆಸುತ್ತದೆ; ಓರೆಯ ಬೆಳಕು ಕೂದಲೆಳೆಯಷ್ಟು ತಗ್ಗಿಗೂ ನೆರಳು ಕೊಡುತ್ತದೆ. ಸವೆದ ಶಾಸನಗಳನ್ನು ಓದುವವರು ಅನುಸರಿಸುವ ಕ್ರಮವೂ ಇದೇ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಹೀಗೆ ನಾಲ್ಕು ಚಿತ್ರಗಳಾದವು.

ನಾಲ್ಕರಲ್ಲಿಯೂ ಕಂಡದ್ದು ಒಂದೇ: ನಾಲ್ಕು ಕಾಲಿನ ಒಂದು ಪ್ರಾಣಿಯ ಮೈ, ಬಾಗಿದ ಕೊರಳು, ತಲೆಯಿರಬೇಕಾದ ಜಾಗದಲ್ಲಿ ಎದ್ದುಹೋದ ಚಕ್ಕೆ. ಜಿಂಕೆಯಾದರೆ ಶಾಂತಿನಾಥರು, ಆಡಾದರೆ ಕುಂಥುನಾಥರು, ವೃಷಭವಾದರೆ ಆದಿನಾಥರು. ಕಲ್ಲು ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಟ್ರಸ್ಟಿನ ಸಭೆಯಲ್ಲಿ ಅವನು ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತನ್ನ ತಪ್ಪನ್ನು ಒಪ್ಪಿಕೊಂಡನು, ಸಂಭಾವನೆಯನ್ನು ಹಿಂದಿರುಗಿಸಿದನು. ಕೆಲವರು ಸಿಟ್ಟಾದರು. ದಾನಿಗಳ ಕೈ ಸೇರಿದ ಪುಸ್ತಿಕೆಗಳ ಗತಿಯೇನು ಎಂದು ಕೇಳಿದರು. ಸ್ಪಷ್ಟವಾಗಿ ಕಾಣಲಿ ಎಂದಿದ್ದ ಹಿರಿಯರು ಬಹಳ ಹೊತ್ತು ಮೌನವಾಗಿದ್ದು, “ಕೇಳಿದವನು ನಾನು, ತಪ್ಪಿನಲ್ಲಿ ನನ್ನ ಪಾಲೂ ಇದೆ” ಎಂದರು. ಶಿಲ್ಪಿಗೆ ಬರಬೇಡವೆಂದು ಅಂದೇ ತಿಳಿಸಲಾಯಿತು. ಉಳಿದ ಪ್ರತಿಗಳಲ್ಲಿ ಹೊಸ ಚಿತ್ರವಿದ್ದ ಚೀಟಿಯನ್ನು ಅಂಟಿಸಲು ಹುಡುಗನೇ ಎರಡು ದಿನ ಬಸದಿಯ ಜಗುಲಿಯ ಮೇಲೆ ಕುಳಿತನು. ಚೀಟಿಯಲ್ಲಿದ್ದುದು ಒಂದೇ ಸಾಲು: ಪ್ರಾಚೀನ ಜಿನಬಿಂಬ, ಲಾಂಛನ ಸವೆದಿದೆ, ಯಾವ ತೀರ್ಥಂಕರರೆಂದು ನಿಶ್ಚಿತವಿಲ್ಲ.

ಹೀಗೆ ಬರೆದರೆ ದಾನ ಬರುವುದೇ ಎಂದು ಒಬ್ಬರು ಸಂದೇಹಪಟ್ಟರು. ಉಪಾಧ್ಯೆಯವರು ಕೊಟ್ಟ ಉತ್ತರವನ್ನು ಆ ಹಳ್ಳಿಯವರು ಈಗಲೂ ನೆನೆಯುತ್ತಾರೆ: “ಇಪ್ಪತ್ತನಾಲ್ವರಲ್ಲಿಯೂ ವೀತರಾಗತೆ ಒಂದೇ. ಹೆಸರು ಗೊತ್ತಿಲ್ಲವೆಂದು ಇಷ್ಟು ವರ್ಷ ನನ್ನ ಅಭಿಷೇಕ ನಿಂತಿಲ್ಲ.”

ಆ ವಿದ್ಯಾರ್ಥಿಯು ಈಗ ಬಸದಿಗಳ ಚಿತ್ರ ತೆಗೆಯುವಾಗ ತಿದ್ದಿದ ಪ್ರತಿಯೊಂದಿಗೆ ತಿದ್ದದ ರಾ ಕಡತವನ್ನೂ ಟ್ರಸ್ಟುಗಳಿಗೆ ಒಪ್ಪಿಸುತ್ತಾನೆ. ಏನನ್ನು ತಿದ್ದಿದೆನೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತಾನೆ. ಪುಸ್ತಿಕೆ, ಸ್ಮರಣಸಂಚಿಕೆಗಳನ್ನು ಹೊರತರುವ ಸಂಸ್ಥೆಗಳು ಇಂಥದೊಂದು ಹಾಳೆಯನ್ನು ತಾವಾಗಿಯೇ ಕೇಳಿ ಪಡೆದರೆ, ಮುಂದೆ ಯಾವ ಕಲ್ಲಿನ ಮೇಲೂ ಇಲ್ಲದ ಕೋಡು ಮೂಡಲಾರದು.