ಪಾರಿಜಾತದ ಸೀಮೆಗೊಂದು ಕ್ಯಾಮರಾ

ಧುಪದಾಳದ ಒಡ್ಡಿನ ಮೇಲಿಂದ ಘಟಪ್ರಭೆ ಧುಮುಕುವ ಸದ್ದು ಕೇಳುತ್ತ ಕೂತಿದ್ದೆ. ತಲೆಯಲ್ಲಿ ಸಿನಿಮಾ ದುಡ್ಡಿನ ವಿಚಾರ.

2022ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸಾಕ್ಷ್ಯಚಿತ್ರ ತಯಾರಿ, ಚಿತ್ರೋತ್ಸವ, ಹಳೆಯ ರೀಲುಗಳ ರಕ್ಷಣೆ ಎಲ್ಲವನ್ನೂ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ (ಎನ್‌ಎಫ್‌ಡಿಸಿ) ವಹಿಸಿತು. 1948ರಿಂದ ನಡೆದುಬಂದ ಫಿಲ್ಮ್ಸ್ ಡಿವಿಷನ್ನಿನ ಕೆಲಸವೂ ಅದರೊಳಗೇ ಸೇರಿತು. ಸಾಕ್ಷ್ಯಚಿತ್ರ ಮಾಡಿಸುವುದೂ ಕಾಪಾಡುವುದೂ ಈಗ ಒಂದೇ ಮನೆಯ ಹೊಣೆ.

ಹಾಗಿದ್ದರೆ ನಮ್ಮ ಶ್ರೀಕೃಷ್ಣ ಪಾರಿಜಾತ? ಕುಲಗೋಡ ತಮ್ಮಣ್ಣ ಬೆಳೆಸಿದ ಬಯಲಾಟ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದ ಆಟ. ಕುಲಗೋಡ, ಕೌಜಲಗಿ ಎರಡೂ ಊರು ಇಲ್ಲಿಂದ ದೂರವೇನಲ್ಲ. ಬೆಳಕು ಹರಿಯುವತನಕ ನಡೆಯುವ ಆ ಹಾಡು, ಆ ಸವಾಲು-ಜವಾಬು ಬಲ್ಲ ಹಿರಿಯರು ನಮ್ಮ ನಡುವೆ ಇದ್ದಾಗಲೇ ಚಿತ್ರೀಕರಣ ಆಗಬೇಕು, ಪೂರ್ತಿ ಇರುಳಿನದು. ತುಣುಕು ಸಾಲದು.

ಉತ್ತರ ಕನ್ನಡದ ಹಳ್ಳಿಯಲ್ಲಿ ತೆಗೆದ ನಟೇಶ್ ಹೆಗಡೆಯವರ ‘ಪೆದ್ರೊ’ 2021ರಲ್ಲಿ ಬೂಸಾನ್ ಚಿತ್ರೋತ್ಸವ ಮುಟ್ಟಿತು. ನಮ್ಮ ಹುಡುಗ ಹುಡುಗಿಯರಿಗೂ ಆ ಕಸುವಿದೆ. ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಮುಂಬೈಯ ನಿಗಮದ ಕಚೇರಿಗೆ ಹೋಗಬಹುದು. ಆದರೆ ಮನಸ್ಸಿನ ಕತೆಯನ್ನು ಇಂಗ್ಲಿಷ್ ಅರ್ಜಿಯಲ್ಲಿ ತುಂಬುವುದೇ ಕಷ್ಟ. ನಿಗಮದವರು ವರ್ಷಕ್ಕೊಮ್ಮೆ ಬೆಳಗಾವಿಯಲ್ಲಿ ಕೂತು ಕನ್ನಡದಲ್ಲೇ ಕತೆ ಕೇಳಲಿ. ಹೇಳುವವರು ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ಬಂದೇ ಬರುತ್ತಾರೆ.