ಮೋಟರ್ ಚಾಲೂ ಆದಾಗ

ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಂದರೆ ಊರಲ್ಲಿ ಅಪ್ಪನಿಗೆ ಏನಾಯಿತೋ ಎಂದು ಎದೆ ಹಾರುತ್ತದೆ. ಊರು ಬಿಟ್ಟು ಬಂದವರಿಗೆಲ್ಲ ಈ ಹೆದರಿಕೆ ಗೊತ್ತು. ಆ ಮಳೆಗಾಲದಲ್ಲಿ ನನಗೆ ಹಾಗೆ ಬಂದ ಫೋನುಗಳೆಲ್ಲ ಒಬ್ಬರವೇ: ಪುಣೆಯ ಹಳೆಯ ಪೇಠೆಯೊಂದರ ಬಂಗಾರದ ಅಂಗಡಿಯ ಮಾಲೀಕರವು. 'ಮತ್ತೆ ಬಡೀತು' ಎನ್ನುವುದಷ್ಟೇ ಅವರ ಮಾತು. ಅಪ್ಪ ಚೆನ್ನಾಗಿದ್ದಾನೆ ಎಂಬ ಸಮಾಧಾನ ಒಂದು ಗಳಿಗೆ ಇರುತ್ತಿತ್ತು, ಅಷ್ಟೇ.

ನನ್ನ ಕೆಲಸ ಅಂಗಡಿ, ಗೋದಾಮುಗಳಿಗೆ ಅಲಾರಂ ಕೂಡಿಸುವುದು. ಅವ್ವ ಇದನ್ನು 'ಕಳ್ಳರ ಗಂಟಿ' ಅನ್ನುತ್ತಾಳೆ. ಕಳ್ಳರ ಗಂಟೆಯಲ್ಲಿ ಎರಡು ಬಗೆಯ ಕೂಗಿದೆ. ಯಾರೋ ಒಳಗೆ ಬಂದರು ಎನ್ನುವುದು ಒಂದು. ಗಂಟೆಯನ್ನೇ ಯಾರೋ ಬಿಚ್ಚುತ್ತಿದ್ದಾರೆ ಎನ್ನುವುದು ಇನ್ನೊಂದು. ಅದಕ್ಕೆ ಟ್ಯಾಂಪರ್ ಅನ್ನುತ್ತೇವೆ. ಪ್ರತಿ ಸೆನ್ಸರಿನ ಮುಚ್ಚಳದ ಕೆಳಗೆ ಒಂದು ಪುಟ್ಟ ಸ್ವಿಚ್ ಒತ್ತಿಕೊಂಡು ಕೂತಿರುತ್ತದೆ. ಆರು ಎಳೆಯ ಕೇಬಲ್ಲಿನಲ್ಲಿ ಎರಡು ಎಳೆ 12 ವೋಲ್ಟಿಗೆ, ಎರಡು ಅಲಾರಮ್ಮಿಗೆ, ಉಳಿದೆರಡು ಟ್ಯಾಂಪರಿಗೆ. ಅಂಗಡಿ ತೆರೆದಿರಲಿ ಮುಚ್ಚಿರಲಿ, ಟ್ಯಾಂಪರ್ ಇಪ್ಪತ್ನಾಲ್ಕು ತಾಸೂ ಎಚ್ಚರ. ದೊಡ್ಡ ಪ್ಯಾನೆಲ್ಲಾದರೆ ಪ್ರತಿ ಸೆನ್ಸರಿಗೂ ರೆಸಿಸ್ಟರ್ ಕೂಡಿಸಿ ಯಾವ ಮುಚ್ಚಳ ತೆರೆಯಿತು ಎಂದು ಹೇಳಿಸಬಹುದು. ಇವರು ಅಗ್ಗದ್ದು ಸಾಕೆಂದಿದ್ದರು. ಹನ್ನೊಂದು ಮುಚ್ಚಳಗಳನ್ನೂ ಒಂದೇ ಸರದಲ್ಲಿ ಮಣಿಯಂತೆ ಪೋಣಿಸಿದ್ದೆ. ಎಲ್ಲಿ ಹರಿದರೂ ಪ್ಯಾನೆಲ್ 'ಟ್ಯಾಂಪರ್' ಅನ್ನುತ್ತದೆ. ಎಲ್ಲಿ ಅಂತ ಹೇಳುವುದಿಲ್ಲ.

ಆ ಸರದ ಒಂದು ಮಣಿ ಅಂಗಡಿಯ ಹೊರಗಿತ್ತು: ಮೆಟ್ಟಿಲ ಕೆಳಗಿನ ಜಂಕ್ಷನ್ ಬಾಕ್ಸ್. ರಾತ್ರಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದವರು ಇಂಡಿ ಕಡೆಯ ಒಬ್ಬ ಕಾಕಾ. ಪುಣೆಗೆ ಬಂದು ಮೂವತ್ತು ವರ್ಷ. ನನ್ನ ಮರಾಠಿಯಲ್ಲಿ ಕನ್ನಡದ ವಾಸನೆ ಹಿಡಿದು ಮೊದಲ ದಿನವೇ 'ಯಾವೂರಪಾ ತಮ್ಮಾ' ಎಂದು ಕೇಳಿದ್ದವರು. ಮಾಲೀಕರ ಲೆಕ್ಕ ಸರಳವಾಗಿತ್ತು. ಹಗಲು ಬಡಿಯುವುದಿಲ್ಲ, ರಾತ್ರಿ ಬಡಿಯುತ್ತದೆ. ರಾತ್ರಿ ಅಲ್ಲಿರುವವನು ಇವನೊಬ್ಬ. ಬಾಕ್ಸ್ ಬಿಚ್ಚಿ ನೋಡುತ್ತಿದ್ದಾನೆ, ಯಾರಿಗೋ ದಾರಿ ಮಾಡಿಕೊಡುತ್ತಿದ್ದಾನೆ. ತಿಂಗಳ ಕೊನೆಗೆ ಅವನನ್ನು ಬಿಡಿಸುತ್ತೇನೆ ಎಂದು ನನ್ನೆದುರೇ ಹೇಳಿದರು.

ಮೊದಲ ಮೂರು ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮುಚ್ಚಳದ ಸ್ಪ್ರಿಂಗುಗಳನ್ನು ಸ್ವಲ್ಪ ಎಳೆದು ಉದ್ದ ಮಾಡಿದೆ, ಸ್ಕ್ರೂ ಬಿಗಿ ಮಾಡಿದೆ, ಒಂದು ಸೆನ್ಸರಿನೊಳಗಿನ ಇರುವೆ ಗೂಡು ತೆಗೆದೆ. ಇರುವೆ ಸಿಕ್ಕಾಗ ಬಹಳ ಖುಷಿಯಾಯಿತು, ಮಾಲೀಕರಿಗೆ ಫೋಟೋ ಸಹ ಕಳಿಸಿದೆ. ಐದನೇ ದಿನ ಮತ್ತೆ ಫೋನು. ಆಗೊಮ್ಮೆ ಈಗೊಮ್ಮೆ ಬರುವ ಫಾಲ್ಟು ಮಗುವಿನ ಜ್ವರದ ಹಾಗೆ, ಡಾಕ್ಟರ ಮುಂದೆ ಕೂಡಿಸಿದಾಗ ಮೈ ತಣ್ಣಗೆ. ಮೀಟರ್ ಹಚ್ಚಿದರೆ ಸರ ಪೂರ್ತಿ 18 ಓಮ್. ಅದು ಸರಿಯೋ ತಪ್ಪೋ ನನಗೆ ಗೊತ್ತಾಗಲಿಲ್ಲ, ಏಕೆಂದರೆ ಕೂಡಿಸಿದ ದಿನ ಎಷ್ಟಿತ್ತು ಎಂದು ನಾನು ಎಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಸರವನ್ನು ಅರ್ಧ ಅರ್ಧ ಮಾಡಿ ಹುಡುಕಲು ಶುರುಮಾಡಿದೆ. ಆರು ಮುಚ್ಚಳಗಳನ್ನು ತಂತಿ ತುಂಡಿನಿಂದ ದಾಟಿಸಿ, ಉಳಿದ ಐದನ್ನಷ್ಟೇ ಕಾವಲಿಗೆ ಬಿಡುವುದು. ಬಡಿದರೆ ತಪ್ಪು ಆ ಐದರಲ್ಲಿದೆ. ಆ ಆರು ಅಷ್ಟು ದಿನ ಕುರುಡಾಗಿರುತ್ತವೆ, ಆದ್ದರಿಂದ ಮಾಲೀಕರ ಒಪ್ಪಿಗೆ ತೆಗೆದುಕೊಂಡೇ ಮಾಡಬೇಕು. ಕೇಳಲು ಸುಲಭ. ಆದರೆ ಗಂಟೆ ಬಡಿಯದ ರಾತ್ರಿ ಏನನ್ನೂ ಹೇಳುವುದಿಲ್ಲ. ತಪ್ಪು ಆ ಕಡೆ ಇರಬಹುದು, ಅಥವಾ ಈ ಕಡೆಯೇ ಇದ್ದು ಅಂದು ಸುಮ್ಮನಿದ್ದಿರಬಹುದು. ಬಡಿದ ರಾತ್ರಿಯದ್ದೊಂದೇ ಸಾಕ್ಷಿ. ಗಂಟೆ ಬಡಿಯಲಿ ದೇವರೇ ಎಂದು ಮಲಗಿದ ಅಲಾರಂ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

ಹನ್ನೊಂದು ರಾತ್ರಿ ಹಿಡಿಯಿತು. ಕೊನೆಗೆ ಉಳಿದದ್ದು ಮೂರನೇ ಸೆನ್ಸರಿನಿಂದ ಜಂಕ್ಷನ್ ಬಾಕ್ಸಿನವರೆಗಿನ ತುಂಡು. ಅಂದರೆ ಕಾಕಾ ಅವರ ಕುರ್ಚಿಯ ಪಕ್ಕ. ಮಾಲೀಕರು 'ಹೇಳಲಿಲ್ಲವೇ' ಎಂಬಂತೆ ನೋಡಿದರು. ನಾನೂ ಅರ್ಧ ನಂಬಿದೆ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಂದು ರಾತ್ರಿ ಒಂಬತ್ತಕ್ಕೆ ಹೋಗಿ, 'ಕಾಕಾ, ಖರೇ ಹೇಳ್ರಿ, ಈ ಡಬ್ಬಿ ಮುಟ್ಟೀರೇನು?' ಎಂದು ಕೇಳಿಯೇ ಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ತಂಬಾಕು ತಿಕ್ಕುತ್ತ ಹೇಳಿದರು: 'ಡಬ್ಬಿ ಮುಟ್ಟಿ ನಾ ಏನ್ ಮಾಡ್ಲಿ ತಮ್ಮಾ. ನನ್ನ ಯಾರೂ ಕೇಳಿಲ್ಲ, ಅದಕ್ಕ ನಾ ಹೇಳಿಲ್ಲ. ಮುಂಜಾನಿ ನೀರ್ ಬಂದು ಮೋಟರ್ ಚಾಲೂ ಆದ ಮ್ಯಾಲೇ ಒದರತೈತಿ ಇದು. ದಿನಾ ಅಲ್ಲ. ಆದ್ರ ಮೋಟರ್ ಬಂದ್ ಇದ್ದಾಗ ಒಮ್ಮೆನೂ ಒದರಿಲ್ಲ.'

ಪ್ಯಾನೆಲ್ಲಿನ ದಾಖಲೆ ನನ್ನ ಫೋನಿನಲ್ಲೇ ಇತ್ತು. 3:42, 3:51, 4:05, 3:47. ಮೂರು ವಾರದಿಂದ ಈ ಅಂಕಿಗಳನ್ನು ನೋಡುತ್ತಿದ್ದವನು ನಾನು. ಆ ಹೊತ್ತಿಗೆ ಎಚ್ಚರವಿದ್ದವರನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಮರುದಿನ ಮುಳ್ಳಿನ ಹಳೆಯ ಮೀಟರ್ ಒಯ್ದೆ. ನನ್ನ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು-ಮೂರು ಸಲ ಅಂಕಿ ಬದಲಿಸುತ್ತದೆ. ನಡುವಿನ ನಡುಕ ಅದಕ್ಕೆ ಕಾಣುವುದಿಲ್ಲ. ಆ ತುಂಡನ್ನು ಬೇರೆ ಮಾಡಿ ಮೀಟರ್ ಹಚ್ಚಿ, ಹಗಲಲ್ಲೇ ಎರಡು ನಿಮಿಷ ಮೋಟರ್ ಹಾಕಿಸಿದೆ. ಅಲ್ಲಾಡದೆ ನಿಂತಿದ್ದ ಮುಳ್ಳು ಬೆದರಿದ ಹಲ್ಲಿಯ ಬಾಲದಂತೆ ಬಡಿದುಕೊಂಡಿತು, ಒಮ್ಮೆ ಪೂರ್ತಿ ಆಚೆ ಹೋಗಿ ನಿಂತಿತು.

ಏಣಿ ಹಾಕಿ ಫಾಲ್ಸ್ ಸೀಲಿಂಗಿನ ಹಲಗೆ ಎತ್ತಿದೆ. ಮೇಲೆ ನೀರಿನ ಪೈಪು, ಅದಕ್ಕೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದ ಕೇಬಲ್, ಕೇಬಲ್ಲಿನ ನಡುವೆ ಕಪ್ಪು ಟೇಪು ಸುತ್ತಿದ ಜಾಯಿಂಟು. ಟೇಪಿನ ತುದಿಯನ್ನು ಒಳಗೆ ಮಡಚಿ ಬಿಡುವುದು ನನ್ನ ಅಭ್ಯಾಸ. ಆ ಟೇಪಿನ ತುದಿ ಮಡಚಿತ್ತು.

ಧನತೇರಸ್ ಹಿಂದಿನ ರಾತ್ರಿ ನೆನಪಾಯಿತು. ಬೆಳಗಾದರೆ ಉದ್ಘಾಟನೆ, ಕೇಬಲ್ ಒಂದೂವರೆ ಮೀಟರ್ ಕಡಿಮೆ ಬಿದ್ದಿತ್ತು. ತಿರುಚಿ, ಟೇಪು ಸುತ್ತಿ, ಆಮೇಲೆ ಬಂದು ಸೋಲ್ಡರ್ ಮಾಡುತ್ತೇನೆ ಅಂದುಕೊಂಡಿದ್ದೆ. ಈಗ ತಾಮ್ರ ಕಪ್ಪಗೆ, ಅಲ್ಲಲ್ಲಿ ಹಸಿರು. ಟ್ಯಾಂಪರ್ ಸರದಲ್ಲಿ ಹರಿಯುವ ವಿದ್ಯುತ್ತು ತೀರ ಕಡಿಮೆ. ಆ ಕಿಲುಬಿನ ಪದರವನ್ನು ಸೀಳುವ ಕಸುವು ಅದಕ್ಕಿಲ್ಲ. ಪೈಪು ನಡುಗಿದಾಗ ಎಳೆಗಳು ಬಿಟ್ಟುಕೊಳ್ಳುತ್ತಿದ್ದವು.

ಕತ್ತರಿಸಿ ತೆಗೆದು, ಜಾಯಿಂಟಿಲ್ಲದ ಹೊಸ ಕೇಬಲ್ ಎಳೆದು, ಪೈಪಿನಿಂದ ದೂರ ಕಟ್ಟಿದೆ. ಮಾಲೀಕರು ಏನಾಗಿತ್ತು ಎಂದು ಕೇಳಿದರು. 'ವಾಯರ್ ಢಿಲೀ ಝಾಲೀ ಹೋತೀ' ಅಂದೆ. ತಂತಿ ಸಡಿಲಾಗಿತ್ತು. ಯಾರು ಸಡಿಲು ಬಿಟ್ಟರು ಎನ್ನುವುದು ಆ ವಾಕ್ಯದಲ್ಲಿ ಇಲ್ಲ. ಹಾಗಾದರೆ ಮುದುಕ ಎಳೆದಿರಬೇಕು ಎಂದರು ಅವರು. ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದೆ.

ಸಂಜೆ ಡ್ಯೂಟಿಗೆ ಬಂದ ಕಾಕಾ ಮೆಟ್ಟಿಲ ಹತ್ತಿರ ಸಿಕ್ಕರು. ಕತ್ತರಿಸಿದ ಜಾಯಿಂಟನ್ನು ಕೈಗೆ ಕೊಟ್ಟು, 'ಇದು ನನ್ನ ತಪ್ಪು ಕಾಕಾ' ಅಂದೆ. ಅವರು ತಿರುಗಿಸಿ ನೋಡಿ ವಾಪಸು ಕೊಟ್ಟರು. 'ನನಗ ಹೇಳಿದ್ರ ಏನಾತಪಾ. ಮ್ಯಾಲೆ ಹೋಗಿ ಹೇಳು.'

ಹೋಗಿ ಹೇಳಿದೆ. ಟೇಪಿನ ಮಡಚಿದ ತುದಿಯನ್ನೂ ತೋರಿಸಿದೆ. ಐದು ಭೇಟಿಯ ಬಿಲ್ಲು ಬಿಟ್ಟುಕೊಟ್ಟೆ. ಮುಂದಿನ ವರ್ಷದ ಮೇಂಟೆನನ್ಸ್ ಕರಾರನ್ನು ಅವರು ಬೇರೆಯವರಿಗೆ ಕೊಟ್ಟರು. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಕಾಕಾ ಅವರನ್ನು ಬಿಡಿಸಲಿಲ್ಲ.

ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಇಬ್ಬರೂ ಇಂಡಿಯ ನಿಂಬೆಹಣ್ಣಿನ ಮಾತಾಡಿದೆವು. 3:40ರ ಹೊತ್ತಿಗೆ ಕೆಳಗೆ ಮೋಟರ್ ಗುರ್ರೆಂದಿತು. ಗೋಡೆ ಸಣ್ಣಗೆ ನಡುಗುವುದು ಬೆನ್ನಿಗೆ ತಾಗುತ್ತಿತ್ತು. ಕಾಕಾ ತಂಬಾಕು ತಿಕ್ಕುವುದನ್ನು ನಿಲ್ಲಿಸಿ ಸೈರನ್ ಕಡೆಗೆ ಮುಖ ಎತ್ತಿದರು. ಟಾಕಿ ತುಂಬಿ ನೀರು ಚೆಲ್ಲುವ ಸಪ್ಪಳ ಬಂತು, ಮೋಟರ್ ನಿಂತಿತು.

'ಚಾ ಕುಡೀತೀಯೇನು?' ಎಂದರು.